ಮನೆ ಎಡಕ್ಕಾ, ಬಲಕ್ಕಾ?

ಆಸ್ಟ್ರೇಲಿಯಾದ ಸಂಜ್ಞಾ ಭಾಷೆ ಆಸ್‌ಲ್ಯಾನ್‌ನ ಪಾಠ ನಡೆದಿದೆ. ಟೀಚರ್ ಮಕ್ಕಳ ಎದುರು ನಿಂತು ಕೈಗಳಲ್ಲೇ ಒಂದು ಊರು ಕಟ್ಟುತ್ತಾರೆ. ತಮ್ಮ ಎಡಗಡೆ ಮನೆ, ಬಲಗಡೆ ಮರ, ನಡುವೆ ಹೊಳೆ. ನೋಡಿ ಮುಗಿದ ಮೇಲೆ ಮಕ್ಕಳು ಹಾಳೆ ತಗೊಂಡು ಆ ಊರಿನ ನಕ್ಷೆ ಬಿಡಿಸಬೇಕು. ಎದುರಿಗೆ ಕೂತವರಿಗೆ ಮನೆ ಕಂಡಿದ್ದು ಬಲಗಡೆ, ಅಲ್ವಾ? ಹಾಗೇ ಬಿಡಿಸಿದರೆ ತಪ್ಪು. ಆಸ್‌ಲ್ಯಾನ್‌ನಲ್ಲಿ ಜಾಗದ ವಿವರ ಸಾಮಾನ್ಯವಾಗಿ ಹೇಳುವವರ ಕಡೆಯಿಂದ ಇರುತ್ತದೆ. ಹಾಗಾಗಿ ನೋಡುವವರು ಇಡೀ ಚಿತ್ರವನ್ನು ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು.

ಈ ತಿರುಗಿಸುವ ಕೆಲಸ ಅಭ್ಯಾಸದಿಂದ ಬರುತ್ತದೆ. ಕ್ಯಾರನ್ ಎಮರಿ ಮತ್ತು ಸಂಗಡಿಗರು 1993ರಲ್ಲಿ ಅಮೆರಿಕನ್ ಸಂಜ್ಞಾ ಭಾಷೆ ಬಳಸುವವರನ್ನು ಪರೀಕ್ಷಿಸಿದರು. ಒಂದು ಆಕೃತಿ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಗಿದೆಯಾ ಅಂತ ಗುರುತಿಸುವುದರಲ್ಲಿ ಇವರು ಸಂಜ್ಞೆ ಬಾರದವರಿಗಿಂತ ಮುಂದಿದ್ದರು. ಕಿವಿ ಕೇಳುವ, ಆದರೆ ಸಂಜ್ಞಾ ಭಾಷೆ ಬಲ್ಲವರಲ್ಲೂ ಇದು ಕಂಡಿತು. ಅಂದರೆ ಇದು ಕಿವುಡುತನದಿಂದ ಬಂದದ್ದಲ್ಲ, ಭಾಷೆಯಿಂದ ಬಂದದ್ದು.

ಆಸ್‌ಲ್ಯಾನ್ ಆಸ್ಟ್ರೇಲಿಯಾದ ಕಿವುಡ ಸಮುದಾಯದ ಭಾಷೆ. ಆ ಹೆಸರನ್ನು 1980ರ ದಶಕದಲ್ಲಿ ಭಾಷಾವಿಜ್ಞಾನಿ ಟ್ರೆವರ್ ಜಾನ್‌ಸ್ಟನ್ ಕೊಟ್ಟರು, ಆದರೆ ಭಾಷೆ ತುಂಬಾ ಹಳೆಯದು. 1860ರಲ್ಲಿ ಸಿಡ್ನಿಯಲ್ಲಿ ಕಿವುಡ ಮಕ್ಕಳ ಶಾಲೆ ತೆರೆದ ಥಾಮಸ್ ಪ್ಯಾಟಿಸನ್, ಅದೇ ವರ್ಷ ಮೆಲ್ಬರ್ನ್‌ನಲ್ಲಿ ತೆರೆದ ಫ್ರೆಡರಿಕ್ ರೋಸ್, ಇಬ್ಬರೂ ಬ್ರಿಟನ್‌ನಿಂದ ಬಂದ ಕಿವುಡರೇ. ಈ ಭಾಷೆಗೆ ದಿನಬಳಕೆಯ ಲಿಪಿ ಇಲ್ಲ. 2016ರಲ್ಲಿ ಆಸ್‌ಲ್ಯಾನ್‌ಗೆ ರಾಷ್ಟ್ರೀಯ ಪಠ್ಯಕ್ರಮ ಬಂತು, ಅಲ್ಲಿ ಪಠ್ಯ ಅಂದರೆ ಒಂದು ವಿಡಿಯೊ, ಇಲ್ಲವೇ ಎದುರಿಗೆ ನಿಂತ ಮನುಷ್ಯ.

ಇದರಿಂದ ತರಗತಿಯ ರೀತಿಯೇ ಬದಲಾಗುತ್ತದೆ. ಪಾಠ ಕೇಳುತ್ತಾ ನೋಟ್ಸ್ ಬರೆಯೋದು ನಮಗೆಲ್ಲ ರೂಢಿ, ಆದರೆ ಇಲ್ಲಿ ತಲೆ ತಗ್ಗಿಸಿದ ಕೂಡಲೇ ಒಂದು ವಾಕ್ಯ ಕೈತಪ್ಪಿ ಹೋಗಿರುತ್ತದೆ. ಅದಕ್ಕೇ ಮೊದಲು ಸುಮ್ನೆ ಪೂರ್ತಿ ನೋಡಬೇಕು, ಆಮೇಲೆ ತುಂಡು ತುಂಡಾಗಿ ಮತ್ತೆ ನೋಡಬೇಕು. ಅರ್ಥವಾಯಿತಾ ಅಂತ ತಿಳಿಯೋಕೆ "ಇಂಗ್ಲಿಷ್‌ನಲ್ಲಿ ಬರೆದು ತೋರಿಸು" ಅನ್ನುವುದು ನನ್ನ ಪ್ರಕಾರ ಸರಿಯಲ್ಲ. ಹಾಗೆ ಮಾಡಿದರೆ ಅಳೆಯುವುದು ಮಗುವಿನ ಇಂಗ್ಲಿಷನ್ನು.

ಬದಲಿಗೆ ಎರಡು ಗೊಂಬೆ, ಒಂದು ಚೆಂಡು ಕೊಡಿ. ಟೀಚರ್ ಅಮ್ಮನನ್ನು ಒಂದು ಕಡೆ, ಹುಡುಗನನ್ನು ಇನ್ನೊಂದು ಕಡೆ ಗುರುತು ಮಾಡಿ, 'ಕೊಡು' ಅನ್ನುವ ಸಂಜ್ಞೆಯನ್ನು ಅಮ್ಮನ ಕಡೆಯಿಂದ ಹುಡುಗನ ಕಡೆಗೆ ಸಾಗಿಸುತ್ತಾರೆ. ಮಗು ಚೆಂಡನ್ನು ಹಾಗೇ ದಾಟಿಸಬೇಕು. ಕೈ ಹುಡುಗನ ಕಡೆಯಿಂದ ಅಮ್ಮನ ಕಡೆಗೆ ಸಾಗಿದರೆ ಕೊಟ್ಟವನು ಹುಡುಗ. ಕನ್ನಡದಲ್ಲಿ 'ಅಮ್ಮ ಹುಡುಗನಿಗೆ' ಅಂತ ವಿಭಕ್ತಿ ಮಾಡುವ ಕೆಲಸವನ್ನು ಇಲ್ಲಿ ಕೈ ಸಾಗುವ ದಿಕ್ಕು ಮಾಡುತ್ತದೆ.

ಹರಿಕತೆ ದಾಸರು ಆ ಕಡೆ ತಿರುಗಿ ರಾಮ, ಈ ಕಡೆ ತಿರುಗಿ ಸೀತೆ ಆಗುತ್ತಾರಲ್ಲ, ಆಸ್‌ಲ್ಯಾನ್‌ನಲ್ಲೂ ಕತೆ ಹೇಳುವವರು ಭುಜ ಸ್ವಲ್ಪ ತಿರುಗಿಸಿ, ನೋಟ ಬದಲಿಸಿ ಪಾತ್ರವೇ ಆಗಿಬಿಡುತ್ತಾರೆ. ವಿಡಿಯೊ ಅಲ್ಲೇ ನಿಲ್ಲಿಸಿ "ಈಗ ಇವರು ಯಾರು?" ಅಂತ ಕೇಳಿ. ಹುಬ್ಬನ್ನೂ ನೋಡಬೇಕು. ಹೌದು-ಅಲ್ಲ ಅನ್ನುವ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ, 'ಯಾರು', 'ಎಲ್ಲಿ' ಎಂದು ಕೇಳುವಾಗ ಸಾಮಾನ್ಯವಾಗಿ ಗಂಟಿಕ್ಕುತ್ತದೆ. ಇದು ಬರೀ ಭಾವನೆ ಅಲ್ಲ, ವ್ಯಾಕರಣ.

ಸಿಡ್ನಿಯವರ ಒಂದು ವಿಡಿಯೊ, ಮೆಲ್ಬರ್ನ್‌ನವರ ಒಂದು ವಿಡಿಯೊ ತೋರಿಸುವುದೂ ಒಳ್ಳೆಯದು. ಸಿಡ್ನಿ ಸೇರಿದ ಉತ್ತರದ ಮತ್ತು ಮೆಲ್ಬರ್ನ್ ಸೇರಿದ ದಕ್ಷಿಣದ ಉಪಭಾಷೆಗಳಲ್ಲಿ ಬಣ್ಣ, ಅಂಕಿಗಳ ಕೆಲವು ಸಂಜ್ಞೆಗಳೇ ಬೇರೆ.

ಮಕ್ಕಳ ಉತ್ತರವೂ ಆಸ್‌ಲ್ಯಾನ್‌ನಲ್ಲೇ ಇರಲಿ. ಕತೆಯ ಕೊನೆ ಬದಲಿಸಿ ಹೇಳಲಿ, ಅದನ್ನು ಫೋನಿನಲ್ಲಿ ವಿಡಿಯೊ ಮಾಡಿ ಅವರಿಗೇ ತೋರಿಸಿ. ಮೊದಲು ಎಡಕ್ಕೆ ಇಟ್ಟಿದ್ದ ಮನೆಗೆ ಹುಡುಗ ಬಲಕ್ಕೆ ನಡೆದು ಹೋಗಿದ್ದು ಆಗ ಅವರ ಕಣ್ಣಿಗೇ ಬೀಳುತ್ತದೆ, ಇನ್ನೊಂದು ಸಲ ಹೇಳುತ್ತಾರೆ.