ಎಳೆಯುವ ಕೈಗಿಂತ ತಿರುಗದ ನಡು

ಮೆಕ್ಕೆಜೋಳದ ಹಂಗಾಮು ಇಳಿದ ಮೇಲೆ ದಾವಣಗೆರೆಯ ಎಪಿಎಂಸಿ ಯಾರ್ಡಿನ ಹಮಾಲರು ನನ್ನ ಫಿಸಿಯೋಥೆರಪಿ ಕೋಣೆಗೆ ಬರುತ್ತಾರೆ. ವರ್ಷಗಟ್ಟಲೆ ಒಂದೇ ಹೆಗಲಿಗೆ ಚೀಲ ಹೊತ್ತವರು. ಎರಡೂ ಬದಿ ತಕ್ಕಡಿಯಂತೆ ಸಮವಾಗಿರಬೇಕೆಂದು ನಾನು ಹೇಳುವುದಿಲ್ಲ. ಸಣ್ಣ ವ್ಯತ್ಯಾಸ ಎಲ್ಲರಿಗೂ ಇರುತ್ತದೆ. ಆದರೆ ಒಂದು ಬದಿ ಸೋತಾಗಲೆಲ್ಲ ಇನ್ನೊಂದು ಬದಿ ಅದರ ಕೆಲಸವನ್ನೂ ಹೊರುತ್ತಿದ್ದರೆ ಅದನ್ನು ತಿದ್ದಲೇಬೇಕು. ಅದಕ್ಕೆ ನಾನು ನೆಚ್ಚಿಕೊಂಡಿರುವುದು ಒಂಟಿಗೈ ರೋ, ಅಂದರೆ ಮುಂದಕ್ಕೆ ಬಾಗಿ ಒಂದೇ ಕೈಯಿಂದ ಭಾರವನ್ನು ಮೇಲಕ್ಕೆಳೆಯುವ ವ್ಯಾಯಾಮ.

ಗರಡಿಯ ಹುಡುಗರಿಗೂ ಇದನ್ನೇ ಹೇಳಿಕೊಡುತ್ತೇನೆ. ದಂಡ ಹೊಡೆಯುವುದೆಂದರೆ ನೆಲವನ್ನು ತಳ್ಳುವುದು. ಎಳೆಯುವ ಕೆಲಸ ಅಖಾಡದ ಮಣ್ಣನ್ನು ಗುದ್ದಲಿಯಿಂದ ಅಗೆಯುವಾಗ, ಹಗ್ಗ ಹತ್ತುವಾಗ ಸಿಗುತ್ತಿತ್ತು. ಜಿಮ್ ಸೇರಿದವರಲ್ಲಿ ಅನೇಕರು ತಳ್ಳುವುದನ್ನಷ್ಟೇ ಉಳಿಸಿಕೊಂಡಿದ್ದಾರೆ. ನನಗೆ ಇದು ಬೇಸರದ ಸಂಗತಿ.

ಬಲಗೈಗೆ ಮಾಡುವಾಗ ಎಡಗೈ, ಎಡಮಂಡಿಗಳನ್ನು ಬೆಂಚಿನ ಮೇಲೆ ಊರಿ. ಬಲಪಾದ ನೆಲದ ಮೇಲಿರಲಿ. ಡಂಬೆಲ್ ಹಿಡಿದು ಮೊಣಕೈಯನ್ನು ಸೊಂಟದ ಕಡೆಗೆ ಎಳೆಯಿರಿ. ಹೆಗಲು ಕಿವಿಯತ್ತ ಏರಬಾರದು, ಹೆಗಲ ಹಿಂದಿನ ರೆಕ್ಕೆಮೂಳೆ ಬೆನ್ನುಮೂಳೆಯತ್ತ ಸರಿಯಬೇಕು. ಇಳಿಸುವಾಗ 2–3 ಸೆಕೆಂಡು ತೆಗೆದುಕೊಳ್ಳಿ. ಮನೆಯಲ್ಲಾದರೆ 5 ಲೀಟರ್ ನೀರು ತುಂಬಿದ ಕ್ಯಾನ್ ಸಾಕು, ಅದು ಸುಮಾರು 5 ಕಿಲೋ ತೂಗುತ್ತದೆ.

ಎಲ್ಲರ ಕಣ್ಣೂ ಎಳೆಯುವ ಕೈಯ ಮೇಲಿರುತ್ತದೆ. ನನ್ನ ಕಣ್ಣು ನಡುವಿನ ಮೇಲೆ. ಭಾರ ಒಂದೇ ಕಡೆ ತೂಗುವುದರಿಂದ ಮುಂಡ ಆ ಕಡೆಗೆ ತಿರುಚಿಕೊಳ್ಳಲು ನೋಡುತ್ತದೆ. ಹೊಟ್ಟೆಯ ಓರೆ ಸ್ನಾಯುಗಳೂ ಬೆನ್ನುಮೂಳೆಯ ಪಕ್ಕದ ಸ್ನಾಯುಗಳೂ ಬಿಗಿದು ಅದನ್ನು ತಡೆಯಬೇಕು. ಎರಡೂ ಕೈಯಿಂದ ಎಳೆದರೆ ಈ ಪರೀಕ್ಷೆಯೇ ಇರುವುದಿಲ್ಲ. ಹಾಗಾಗಿ ಸೊಂಟದ ಮೇಲೊಂದು ಖಾಲಿ ಸ್ಟೀಲ್ ಲೋಟ ಇಡುತ್ತೇನೆ. ಲೋಟ ಉರುಳಿತೋ, ಭಾರ ಇಳಿಸುತ್ತೇನೆ.

ವಾರಕ್ಕೆ 2 ದಿನ, 8ರಿಂದ 12 ಎಳೆತಗಳ 3 ಸರದಿ. ತೋಳಿನುದ್ದಕ್ಕೂ ಜೋಮು ಅಥವಾ ನೋವು ಹರಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಶುರು ಮಾಡಬೇಕಾದುದು ಸೋತ ಬದಿಯಿಂದ. ಎಡಗೈ 8ಕ್ಕೆ ನಿಂತರೆ ಬಲಗೈಗೂ 8ಕ್ಕೇ ನಿಲ್ಲಿಸಬೇಕು. ಇದು ಹೇಳಿದಷ್ಟು ಸುಲಭವಲ್ಲ. “ಬಲಗೈ ಇನ್ನೂ ಆರು ಎಳೆಯುತ್ತದೆ ಸರ್” ಎಂದು ಹಮಾಲರೊಬ್ಬರು ಪ್ರತಿ ಸಲವೂ ಕೇಳುತ್ತಿದ್ದರು. ನಾನು ಬಿಡಲಿಲ್ಲ. 7ನೇ ವಾರ ಅವರ ಎಡಗೈ ಲೋಟ ಅಲುಗದಂತೆ 12 ಮುಗಿಸಿತು. ಎರಡೂ ಕೈಗಳಿಗೆ ಭಾರ ಏರಿಸಿದ್ದು ಅಂದೇ.