ರಮೇಶನನ್ನು ಒಂದೇ ಏಟಿಗೆ ರವಿ ಮಾಡುವುದು ಹೇಗೆ?

ಪ್ರಶ್ನೆ: 140 ಪುಟದ ಕಾದಂಬರಿ ಟೈಪ್ ಮಾಡಿ ಮುಗಿಸಿದ್ದೇನೆ. ಈಗ ನಾಯಕನ ಹೆಸರು ರಮೇಶ ಬೇಡ, ರವಿ ಇರಲಿ ಅನ್ನಿಸುತ್ತಿದೆ. ಎಲ್ಲ ಕಡೆ ಒಟ್ಟಿಗೆ ಬದಲಿಸಬಹುದಾ?

ಬದಲಿಸಬಹುದು. ವರ್ಡ್, ಲಿಬ್ರೆಆಫೀಸ್ ರೈಟರ್, ಗೂಗಲ್ ಡಾಕ್ಸ್ ಮೂರರಲ್ಲೂ ಕಂಟ್ರೋಲ್ ಒತ್ತಿ ಹಿಡಿದು ಎಚ್ ಒತ್ತಿ. ಎರಡು ಖಾನೆ ಬರುತ್ತವೆ. ಮೇಲಿನದರಲ್ಲಿ ಹಳೆಯ ಪದ, ಕೆಳಗಿನದರಲ್ಲಿ ಹೊಸ ಪದ. ಆಮೇಲೆ ‘ರಿಪ್ಲೇಸ್ ಆಲ್’. ಅಷ್ಟೇ.

ಆದರೆ ಈಗಲೇ ಒತ್ತಬೇಡಿ. ಇದು ಇಂಗ್ಲಿಷಿಗೆ ಹೇಳಿ ಮಾಡಿಸಿದ ಸೌಲಭ್ಯ. ಅಲ್ಲಿ ಹೆಸರಿನ ಬಾಲ ಬದಲಾಗುವುದು ಕಡಿಮೆ. ನಮ್ಮಲ್ಲಿ ಹೆಸರಿಗೆ ವಿಭಕ್ತಿ ಅಂಟಿಕೊಂಡೇ ಬರುತ್ತದೆ, ಅಲ್ವಾ? ಸುಮ್ನೆ ‘ರಮೇಶ’ ತೆಗೆದು ‘ರವಿ’ ಹಾಕಿದರೆ ‘ರಮೇಶನಿಗೆ’ ಹೋಗಿ ‘ರವಿನಿಗೆ’ ಆಗುತ್ತದೆ. ‘ರಮೇಶನನ್ನು’ ಹೋಗಿ ‘ರವಿನನ್ನು’. ‘ಫೈಂಡ್ ಹೋಲ್ ವರ್ಡ್ಸ್ ಓನ್ಲಿ’ ಗುರುತು ಹಾಕಿದರೆ ಇನ್ನೊಂದು ತಾಪತ್ರಯ. ಆಗ ಬರೀ ‘ರಮೇಶ’ ಇದ್ದಲ್ಲಿ ಮಾತ್ರ ಬದಲಾಗುತ್ತದೆ, ‘ರಮೇಶನಿಗೆ’ ಹಾಗೇ ಉಳಿಯುತ್ತದೆ. ಒಂದೇ ಪುಟದಲ್ಲಿ ಇಬ್ಬರು ನಾಯಕರು!

ಹಾಗಾಗಿ ಒಂದೇ ಏಟು ಸಾಲದು, ಏಳೆಂಟು ಏಟು ಬೇಕು. ಉದ್ದದ ರೂಪಗಳಿಂದ ಶುರು ಮಾಡಿ. ಮೊದಲು ‘ರಮೇಶನಿಗೆ’ ತೆಗೆದು ‘ರವಿಗೆ’. ಆಮೇಲೆ ‘ರಮೇಶನನ್ನು’ ಇದ್ದಲ್ಲಿ ‘ರವಿಯನ್ನು’, ‘ರಮೇಶನಿಂದ’ ಇದ್ದಲ್ಲಿ ‘ರವಿಯಿಂದ’, ‘ರಮೇಶನೊಂದಿಗೆ’ ಇದ್ದಲ್ಲಿ ‘ರವಿಯೊಂದಿಗೆ’, ‘ರಮೇಶನೂ’ ಇದ್ದಲ್ಲಿ ‘ರವಿಯೂ’. ಇವೆಲ್ಲ ಮುಗಿದ ಮೇಲೆ ‘ರಮೇಶನ’ ತೆಗೆದು ‘ರವಿಯ’. ಮಾತುಕತೆಯಲ್ಲಿ ‘ರಮೇಶ್’ ಅಂತ ಬರೆದಿದ್ದರೆ ಅದೂ ಬೇರೆಯೇ ಏಟು. ಬರೀ ‘ರಮೇಶ’ ಕಟ್ಟಕಡೆಗೆ. ಹತ್ತು ನಿಮಿಷದ ಕೆಲಸ.

ಇನ್ನು ಬೇರೆ ಪದದ ಹೊಟ್ಟೆಯೊಳಗೆ ರಮೇಶ ಕೂತಿರುತ್ತಾನೆ. ನಾಯಕನ ತಾತನ ಹೆಸರು ಪರಮೇಶಯ್ಯ ಅಂತಿದ್ದರೆ, ಅವರು ಪರವಿಯ್ಯ ಆಗಿಬಿಡುತ್ತಾರೆ! ಇದಕ್ಕೆ ಉಪಾಯ: ಎಲ್ಲಕ್ಕಿಂತ ಮೊದಲು ‘ಪರಮೇಶ’ ಇದ್ದಲ್ಲೆಲ್ಲ ‘##’ ಹಾಕಿ ತಾತನನ್ನು ಬಚ್ಚಿಡಿ. ರಮೇಶನ ಕೆಲಸ ಮುಗಿದ ಮೇಲೆ ‘##’ ತೆಗೆದು ‘ಪರಮೇಶ’ ಹಾಕಿ. ಎರಡು ಪಾತ್ರಗಳ ಹೆಸರು ಅದಲುಬದಲು ಮಾಡುವುದಕ್ಕೂ ಇದೇ ದಾರಿ.

ಕಣ್ಣೆದುರೇ ‘ರಮೇಶ’ ಇದ್ದರೂ ಕಂಪ್ಯೂಟರ್ ಸಿಗಲಿಲ್ಲ ಅನ್ನಬಹುದು. ಆಗ ನಿಮ್ಮ ಫೈಲು ಕನ್ನಡ ಟೈಪಿಂಗ್ ತಂತ್ರಾಂಶಗಳಾದ ‘ನುಡಿ’ ಅಥವಾ ‘ಬರಹ’ದ ಹಳೆಯ ಫಾಂಟಿನಲ್ಲಿದೆಯಾ ನೋಡಿ. ಅಂಥ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸಿರುತ್ತದೆ. ನೀವು ಯೂನಿಕೋಡಿನಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಈಗಿನ ಪದ್ಧತಿಯಲ್ಲಿ, ಟೈಪಿಸಿದ ರಮೇಶ ಅಲ್ಲಿ ಸಿಗುವುದಿಲ್ಲ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ. ಹಳೆಯ ಫಾಂಟಿನಲ್ಲೇ ಮಾಡುತ್ತೇನೆ ಅನ್ನುವವರು ‘ಮ್ಯಾಚ್ ಕೇಸ್’ ಗುರುತು ಹಾಕಲೇಬೇಕು. ಯಾಕೆಂದರೆ ಅಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಒಂದು ಕನ್ನಡ ಅಕ್ಷರವಾದರೆ, ಅದರದ್ದೇ ಚಿಕ್ಕಕ್ಷರ ಇನ್ನೊಂದು.

ಯೂನಿಕೋಡಿನಲ್ಲೂ ಅವಳಿಜವಳಿಗಳಿವೆ. ‘ಮೇ’ಯ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ‘ಮೆ’ ಬರೆದು ಪಕ್ಕದಲ್ಲಿ ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ. ‘ರಮೇಶನಿಂದ’ದ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಹೊಡೆದವರೂ ಇದ್ದಾರೆ. ಅದು ಅಕ್ಷರವೇ ಅಲ್ಲ, ಅಂಕಿ. ಇಂಥ ಅನುಮಾನ ಬಂದರೆ ಪದವನ್ನು ಟೈಪಿಸಬೇಡಿ. ಫೈಲಿನಲ್ಲಿರುವುದನ್ನೇ ಕಾಪಿ ಮಾಡಿ ಹುಡುಕುವ ಖಾನೆಗೆ ಹಾಕಿ. ಎಲ್ಲ ಸೊನ್ನೆಗಳನ್ನೂ ಒಟ್ಟಿಗೆ ಅನುಸ್ವಾರ ಮಾಡಲು ಮಾತ್ರ ಹೋಗಬೇಡಿ. ನಾನು ಒಮ್ಮೆ ಹೋಗಿದ್ದೆ. ಸ್ಮರಣ ಸಂಚಿಕೆಯ ದೇಣಿಗೆ ಪಟ್ಟಿಯಲ್ಲಿ ೫೦೦ ಕೊಟ್ಟವರೆಲ್ಲ ‘೫ಂಂ’ ಕೊಟ್ಟಂತಾಯಿತು.

ತಪ್ಪಾದರೆ ಕಂಟ್ರೋಲ್ ಜೆಡ್ ಒತ್ತಿ, ಆ ಏಟು ಪೂರ್ತಿ ವಾಪಸ್ಸಾಗುತ್ತದೆ. ಆದರೂ ಫೈಲಿನ ಒಂದು ಪ್ರತಿ ಬೇರೆ ಹೆಸರಿನಲ್ಲಿ ಇಟ್ಟುಕೊಂಡೇ ಶುರು ಮಾಡಿ. ನಾಳೆ ಮನಸ್ಸು ಬದಲಾಗಿ ರವಿಯನ್ನು ಮತ್ತೆ ರಮೇಶ ಮಾಡಲು ಹೊರಟರೆ, ‘ದೂರವಿದೆ’ ಅನ್ನುವುದು ‘ದೂರಮೇಶದೆ’ ಆಗುತ್ತದೆ!

ಅಂದಹಾಗೆ, ರಮೇಶನನ್ನು ರಮ್ಯ ಮಾಡಬೇಕು ಅಂದಿದ್ದರೆ ನನ್ನ ಬಳಿ ಉಪಾಯವಿರಲಿಲ್ಲ. ‘ಬಂದನು’ಗಳನ್ನೆಲ್ಲ ಒಂದೊಂದಾಗಿ ಓದಿಯೇ ‘ಬಂದಳು’ ಮಾಡಬೇಕಿತ್ತು.

ಎಲ್ಲ ಆದ ಮೇಲೆ, ತಾತನನ್ನು ಹೊರಗೆ ತರುವ ಮುಂಚೆ, ‘ರಮೇಶ’ ಅಂತ ಒಮ್ಮೆ, ‘ರವಿನ’ ಅಂತ ಒಮ್ಮೆ ಹುಡುಕಿ. ಮೊದಲನೆಯದು ಸಿಗಬಾರದು. ಎರಡನೆಯದು ಸಿಕ್ಕರೆ ಆ ಸಾಲು ಓದಿ. ‘ವಿಶಾಲ ಹರವಿನ ಕೆರೆ’ ಅಂತ ನೀವೇ ಬರೆದಿದ್ದರೆ ಅದನ್ನು ಮುಟ್ಟಬೇಡಿ.