ಪದ ಪರಿಚಯ: ಬರಸಿಡಿಲು

ಅಡಿಕೆ ಧಾರಣೆ ಕುಸಿದರೆ ‘ಬೆಳೆಗಾರರಿಗೆ ಬರಸಿಡಿಲು’ ಎಂಬ ತಲೆಬರಹ ಬರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಸಾವಿನ ಸುದ್ದಿ ಬಂದರೆ ‘ಬರಸಿಡಿಲು ಬಡಿದ ಹಾಗಾಯ್ತು’ ಅನ್ನುತ್ತೇವೆ. ಬಳಸಿ ಬಳಸಿ ಈ ಪದ ಎಷ್ಟು ಸವೆದಿದೆಯೆಂದರೆ, ಅದರೊಳಗೆ ನಿಜವಾದ ಸಿಡಿಲೊಂದಿದೆ ಎಂಬುದೇ ನಮಗೆ ಮರೆತಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಗದ್ದೆ-ತೋಟದಲ್ಲಿ ಇರುವವರಿಗೆ ಆ ಮರೆವು ಒಳ್ಳೆಯದಲ್ಲ.

ಆಕಾಶದಲ್ಲಿ ನಡೆಯುವ ಒಂದು ಘಟನೆಗೆ ಕನ್ನಡ ಮೂರು ಹೆಸರು ಕೊಟ್ಟಿದೆ. ಕಣ್ಣಿಗೆ ಕಂಡದ್ದು ಮಿಂಚು, ಕಿವಿಗೆ ಕೇಳಿದ್ದು ಗುಡುಗು, ನೆಲಕ್ಕೆ ಬಡಿದದ್ದು ಸಿಡಿಲು. ಮೋಡದೊಳಗೇ ಹೊಳೆದು ಆರುವ ಮಿಂಚನ್ನು ಯಾರೂ ಸಿಡಿಲು ಎನ್ನುವುದಿಲ್ಲ. ‘ಸಿಡಿ’ ಎಂದರೆ ಒಡೆದು ಚೂರಾಗಿ ಹಾರುವುದು. ಸಿಡಿಲು ಬಡಿದ ಮರದ ತೊಗಟೆ ಹಾರಿ ಬಿದ್ದದ್ದನ್ನು ನೋಡಿದವರೇ ಈ ಹೆಸರು ಇಟ್ಟಿರಬೇಕು. ಇನ್ನು ‘ಬರ’ ಎಂದರೆ ಮಳೆ ಇಲ್ಲದಿರುವುದು. ತಲೆಯ ಮೇಲೆ ಹನಿ ಬೀಳದೆ, ಕೆಲವೊಮ್ಮೆ ಬಿಸಿಲು ಇರುವಾಗಲೇ ಎರಗುವ ಸಿಡಿಲು ಬರಸಿಡಿಲು.

ನಮ್ಮಜ್ಜ ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ಭದ್ರಾವತಿ ಆಕಾಶವಾಣಿ ಹಾಕಿಕೊಂಡು ಕೂರುತ್ತಿದ್ದರು. ಹಾಡಿನ ನಡುವೆ ರೇಡಿಯೊ ಕರ್ರ್ ಎಂದು ಕೆರೆದರೆ ‘ಎಲ್ಲೋ ಹೊಡೀತು’ ಎಂದು ಕಿವಿ ನಿಮಿರಿಸುವರು. ಒಂದು ದಿನ ಅಮ್ಮ ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಹಾಕಿದ್ದಳು. ನೆತ್ತಿಯ ಮೇಲೆ ಬಿಸಿಲು, ಗುಡ್ಡದಾಚೆ ಮಾತ್ರ ಕಪ್ಪು. ರೇಡಿಯೊ ಕೆರೆಯತೊಡಗಿತು, ಹಿಂದೆಯೇ ಗುಡುಗಿನ ಸಣ್ಣ ಉರುಳು. ‘ಮಳೆ ಎಲ್ಲಿ ಬಂತು ಮಾವಯ್ಯ, ಇನ್ನೂ ಬಿಸಿಲು ಇದೆಯಲ್ಲ’ ಎಂದು ಅಮ್ಮ ಒಂದೊಂದೇ ಹಪ್ಪಳ ಎತ್ತುತ್ತಿದ್ದಳು. ‘ಹಪ್ಪಳ ಹೋದ್ರೆ ಹೋಗ್ಲಿ, ನೀ ಮೊದ್ಲು ಒಳಗೆ ಬಾ ಮಾರಾಯ್ತಿ’ ಎಂದು ಅಜ್ಜ ಗದರಿದರು. ಮೀಡಿಯಂ ವೇವ್ ರೇಡಿಯೊ ಪ್ರತಿ ಮಿಂಚಿಗೂ ಹೀಗೆ ಕೆರೆಯುತ್ತದೆ, ಏಕೆಂದರೆ ಮಿಂಚು ಬೆಳಕಿನ ಜೊತೆ ರೇಡಿಯೊ ಅಲೆಗಳನ್ನೂ ಹೊರಡಿಸುತ್ತದೆ. ಗುಡುಗು ಕೇಳಿಸದಷ್ಟು ದೂರದ ಮಿಂಚೂ ಅದಕ್ಕೆ ಗೊತ್ತಾಗುತ್ತದೆ.

ಗುಡ್ಡದಾಚೆಯ ಆ ಕಪ್ಪು ಬೆಳಿಗ್ಗೆ ಇರಲಿಲ್ಲ. ಬೇಸಿಗೆಯ ಬಿಸಿಲಿಗೆ ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿಯನ್ನು ಘಟ್ಟದ ಏರು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಏರಿದ ಗಾಳಿ ತಣಿದು ಅದರ ಆವಿ ಹನಿಯಾಗುವಾಗ ಶಾಖ ಬಿಡುತ್ತದೆ, ಆ ಶಾಖ ಗಾಳಿಯನ್ನು ಮತ್ತೂ ಏರಿಸುತ್ತದೆ. ಮಧ್ಯಾಹ್ನ ಹತ್ತಿಯ ಉಂಡೆಯಂತಿದ್ದ ಮೋಡ ಒಂದು ಗಂಟೆಯೊಳಗೆ 12-15 ಕಿ.ಮೀ. ಎತ್ತರಕ್ಕೆ ಬೆಳೆದು, ತುದಿಯಲ್ಲಿ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗಿ ಹರಡಬಹುದು. ಹವಾಮಾನದವರು ಇದನ್ನು ಕ್ಯುಮುಲೊನಿಂಬಸ್ ಎನ್ನುತ್ತಾರೆ.

ನಮ್ಮ ಕಡೆ ಸುಮಾರು 5 ಕಿ.ಮೀ. ಮೇಲಕ್ಕೆ ಹೋದರೆ ನೀರು ಹೆಪ್ಪುಗಟ್ಟುವಷ್ಟು ಚಳಿ. ಅದಕ್ಕೂ ಮೇಲೆ, ಮೋಡದ ಹೊಟ್ಟೆಯಲ್ಲಿ ಸಣ್ಣ ಹಿಮದ ಹರಳುಗಳೂ ಮೆತ್ತನೆಯ ಹಿಮದ ಉಂಡೆಗಳೂ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಹರಳುಗಳು ಧನ ವಿದ್ಯುತ್ತನ್ನು ಹೊತ್ತು ತುದಿಗೆ ಏರಿದರೆ, ಭಾರದ ಉಂಡೆಗಳು ಋಣ ವಿದ್ಯುತ್ತಿನೊಡನೆ ನಡುವೆ ನಿಲ್ಲುತ್ತವೆ. ಗಾಳಿ ತಡೆಯಲಾರದಷ್ಟು ಅದು ಕೂಡಿಕೊಂಡಾಗ ಮೋಡದಿಂದ ಒಂದು ಎಳೆ ಸುಮಾರು 50 ಮೀಟರಿನ ಹೆಜ್ಜೆಗಳಲ್ಲಿ ಕವಲೊಡೆಯುತ್ತಾ ಇಳಿಯುತ್ತದೆ. ನೆಲ ಹತ್ತಿರವಾದಾಗ ಮರ, ಕಂಬ, ಮನುಷ್ಯ, ಯಾವುದು ಎತ್ತರವೋ ಅದರಿಂದ ಇನ್ನೊಂದು ಎಳೆ ಮೇಲೇಳುತ್ತದೆ. ಎರಡೂ ಕೂಡಿದ ಕ್ಷಣ ಸಾಮಾನ್ಯವಾಗಿ 30,000 ಆಂಪಿಯರ್ ಮಟ್ಟದ ವಿದ್ಯುತ್ ಹರಿಯುತ್ತದೆ. ಆ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಸಿಡಿಯುತ್ತದೆ. ಗುಡುಗು ಎಂದರೆ ಆ ಸದ್ದು.

ಬರಸಿಡಿಲು ಹಿಡಿಯುವ ದಾರಿಯೇ ಬೇರೆ. ಎಳೆ ನೇರ ಕೆಳಗಿಳಿಯದೆ ಮೋಡದ ಪಕ್ಕದಿಂದ ಹೊರಬಿದ್ದು, ತಿಳಿ ಆಕಾಶದಲ್ಲಿ ಅಡ್ಡಡ್ಡ ಸಾಗಿ, 15 ಕಿ.ಮೀ. ದಾಟಿಯೂ ನೆಲಕ್ಕೆ ತಿರುಗಬಲ್ಲದು. ಮೋಡದ ತುದಿಯ ಧನ ವಿದ್ಯುತ್ತೇ ನೆಲಕ್ಕಿಳಿಯುವುದೂ ಉಂಟು. ನೆಲಕ್ಕೆ ಬಡಿಯುವ ಸಿಡಿಲುಗಳಲ್ಲಿ ಹೀಗೆ ಧನ ವಿದ್ಯುತ್ ಇಳಿಸುವವು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ, ಆದರೆ ಇವುಗಳ ಹೊಡೆತ ಹಲವು ಪಟ್ಟು ಜೋರಿರಬಹುದು. ಬಯಲುಸೀಮೆಯಲ್ಲಿ ಮೋಡ ದೂರದಿಂದಲೇ ಕಾಣುತ್ತದೆ. ನಮ್ಮಲ್ಲಿ ಗುಡ್ಡ, ಕಾಡು, ತೋಟದ ಸೋಗೆ ಎಲ್ಲವೂ ಅಡ್ಡ. ಕಣಿವೆಯ ಗದ್ದೆಯಲ್ಲಿ ನಿಂತವರಿಗೆ ಕಾಣುವುದು ನೆತ್ತಿಯ ಮೇಲಿನ ಒಂದು ತುಂಡು ನೀಲಿ ಮಾತ್ರ.

ಹೊರಗಿನವರಿಗೆ ಒಂದು ವಿಷಯ ವಿಚಿತ್ರ ಅನ್ನಿಸುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಜುಲೈ ತಿಂಗಳ ಮಳೆ ದಿನಗಟ್ಟಲೆ ಹೊಡೆದರೂ ಗುಡುಗು ಅಪರೂಪ. ಮುಂಗಾರಿನ ಮೋಡಗಳು ಹೆಚ್ಚು ಎತ್ತರಕ್ಕೆ ಬೆಳೆಯುವುದಿಲ್ಲ, ಹಿಮ ಉಜ್ಜಾಡುವಷ್ಟು ರಭಸದ ಗಾಳಿ ಅವುಗಳ ಒಳಗಿಲ್ಲ. ಏಪ್ರಿಲ್-ಮೇ ತಿಂಗಳ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಅರ್ಧ ಗಂಟೆ ಬಂದು ಹೋದರೂ ಸಿಡಿಲೆಲ್ಲ ಅವುಗಳದ್ದೇ. ಮುಂಗಾರು ಹಿಂದೆ ಸರಿದ ಮೇಲೆ ಚಿತ್ತೆ, ಸ್ವಾತಿಯಲ್ಲಿ ಮತ್ತೆ ಗುಡುಗುತ್ತದೆ.

ನಮ್ಮ ತೋಟದ ಒಂದು ಅಡಿಕೆ ಮರಕ್ಕೆ ಒಂದು ಮೇ ತಿಂಗಳಲ್ಲಿ ಸಿಡಿಲು ಬಡಿಯಿತು. ಮಾರನೆ ದಿನ ನೋಡಿದರೆ ಸುಳಿಯಿಂದ ಬುಡದವರೆಗೆ ಬೆರಳಗಲದ ಸೀಳು, ಒಳಗಿನ ನಾರು ಬೆಂದಂತೆ ಕಂದು. ಕಾಂಡದ ನೀರು ಆ ಕ್ಷಣದಲ್ಲೇ ಆವಿಯಾಗಿ ಒಡೆದದ್ದು ಅದು. ಸುತ್ತಲಿನ ಮರಗಳ ಮೇಲೆ ಒಂದು ಗೀರೂ ಇರಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಅವುಗಳ ಸೋಗೆ ಹಳದಿಯಾಗಿ ಜೋತುಬಿತ್ತು, ಒಟ್ಟು ಒಂಬತ್ತು ಮರ ಕಡಿಯಬೇಕಾಯಿತು. ಅಡಿಕೆಗೆ ಇರುವುದು ಒಂದೇ ಸುಳಿ, ಅದು ಸತ್ತರೆ ಮರ ಮತ್ತೆ ಚಿಗುರದು. ಬಡಿದ ಮರದಿಂದ ಪಕ್ಕದ್ದಕ್ಕೆ ಹಾರಿದ್ದು ಒಂದಿಷ್ಟು, ಒದ್ದೆ ನೆಲದಲ್ಲಿ ಹರಿದದ್ದು ಇನ್ನೊಂದಿಷ್ಟು. ಮರದ ಕೆಳಗೆ ನಿಂತವರನ್ನು ಕೊಲ್ಲುವುದೂ ಇವೇ ಎರಡು. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನೆಲದ ವಿದ್ಯುತ್ ಒಂದು ಕಾಲಿಂದ ಏರಿ ಎದೆ ದಾಟಿ ಇನ್ನೊಂದರಿಂದ ಇಳಿಯುತ್ತದೆ. ಒಂದೇ ಮರದಡಿ ನಾಲ್ಕೈದು ದನ ಒಟ್ಟಿಗೆ ಸಾಯುವುದು ಹಾಗೆ.

ಗುಡುಗಿದಾಗ ಅಜ್ಜಿ ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಎಂದು ಹತ್ತು ಹೆಸರು ಹೇಳಿಸುತ್ತಿದ್ದಳು. ನಿಧಾನವಾಗಿ ಹೇಳಿದರೆ ಸುಮಾರು ಹತ್ತು ಸೆಕೆಂಡು, ಗಡಿಯಾರ ಹಿಡಿದು ನೋಡಿದ್ದೇನೆ. ಶಬ್ದ ಒಂದು ಕಿ.ಮೀ. ಬರಲು 3 ಸೆಕೆಂಡು ಬೇಕು. ಮಿಂಚು ಕಂಡು ಹತ್ತು ಹೆಸರು ಮುಗಿಯುವಷ್ಟರಲ್ಲಿ ಗುಡುಗಿದರೆ ಅದು ಬಡಿದದ್ದು ಮೂರು ಕಿ.ಮೀ. ಆಸುಪಾಸಿನಲ್ಲಿ. 30 ಸೆಕೆಂಡಿನೊಳಗೆ ಕೇಳಿದರೆ ಒಳಗೆ ಹೋಗಿ ಎಂಬುದು ಎಲ್ಲ ಕಡೆ ಹೇಳುವ ಲೆಕ್ಕ. ಆದರೆ ಬರಸಿಡಿಲು ಆ ಹತ್ತು ಕಿ.ಮೀ. ಗೆರೆಯನ್ನೂ ದಾಟುತ್ತದೆ. ಹಾಗಾಗಿ ನಾನಂತೂ ಎಣಿಸುವುದನ್ನೇ ಬಿಟ್ಟಿದ್ದೇನೆ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ಮುಟ್ಟುವ ದೂರದಲ್ಲಿದ್ದೇನೆ ಎಂದೇ ಅರ್ಥ.

ಆಗ ಮೊದಲು ಕೈಬಿಡಬೇಕಾದ್ದು ದೋಟಿ, ಅಂದರೆ ಅಡಿಕೆ ತೋಟದ ಉದ್ದನೆಯ ಕೋಲು. ಔಷಧಿ ಹೊಡೆಯಲು ಬಳಸುವ ಅಲ್ಯೂಮಿನಿಯಂ ದೋಟಿ ಮಾತ್ರವಲ್ಲ, ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ಹರಿಸುತ್ತದೆ. ಮಳೆಗೆ ಆಸರೆಯಾಗುವ ಸೋಗೆಯ ಮಾಡು ಸಿಡಿಲಿಗೆ ಆಸರೆಯಲ್ಲ. ಗೋಡೆ, ವೈರಿಂಗ್, ನಲ್ಲಿ ಪೈಪು ಇರುವ ಮನೆ ಬೇಕು, ಇಲ್ಲವೇ ಗಾಜು ಏರಿಸಿದ ಕಾರು. ಮನೆಯೊಳಗೂ ನಲ್ಲಿ, ಪ್ಲಗ್ಗಿನಲ್ಲಿರುವ ಮೊಬೈಲು, ಕಿಟಕಿಯ ಸರಳು ಮುಟ್ಟಬಾರದು. ಕೊನೆಯ ಗುಡುಗಿನಿಂದ ಲೆಕ್ಕ ಹಾಕಿ 30 ನಿಮಿಷ ಹೊರಗೆ ಕಾಲಿಡಬಾರದು, ಮಳೆ ನಿಂತು ಬಿಸಿಲು ಬಂದರೂ ಸರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನಾವಿರುವ ಜಾಗದ ಸುತ್ತ 20-40 ಕಿ.ಮೀ.ಯೊಳಗಿನ ಸಿಡಿಲನ್ನು ತೋರಿಸುತ್ತದೆ. ಗುಡ್ಡದಾಚೆ ನೋಡಲು ಅಜ್ಜನ ರೇಡಿಯೊ ಇಲ್ಲದ ಮನೆಯಲ್ಲಿ ಅದಾದರೂ ಇರಲಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂಬ ಹೆದರಿಕೆ ನಮ್ಮೂರಲ್ಲಿ ಈಗಲೂ ಇದೆ. ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಸಿಡಿಲಿಗೆ ಸಿಕ್ಕ ಹೆಚ್ಚಿನವರು ಬದುಕುತ್ತಾರೆ. ಸಾಯುವವರು ಬಹುಪಾಲು ಎದೆಬಡಿತ ನಿಂತು ಸಾಯುತ್ತಾರೆ. ಉಸಿರು ಕಾಣದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಊರಿ, ನಿಮಿಷಕ್ಕೆ 100-120 ಸಲ ಒತ್ತುತ್ತಾ ಇರಬೇಕು. ಮಲೆನಾಡಿನ ಒಂಟಿಮನೆಗೆ ಆ್ಯಂಬುಲೆನ್ಸ್ ಬರಲು ಹೊತ್ತಾಗುತ್ತದೆ, ಕೈ ಸೋತರೆ ಇನ್ನೊಬ್ಬರು ಮುಂದುವರಿಸಬೇಕು.